ಬಾಗಿಲು ತೆರೆದಿಟ್ಟ ಪ್ರಾರ್ಥನೆ

ಸೊಲ್ಲಾಪುರ ದಾಟಿ ಪುಣೆಯ ಹೆದ್ದಾರಿ ಹಿಡಿದವರಿಗೆ ಇಂದಾಪುರ ಎಂದರೆ ಕಬ್ಬಿನ ಹೊಲ, ಉಜನಿಯ ಹಿನ್ನೀರು, ಚಹಾಕ್ಕೆ ನಿಂತ ಬಸ್ಸು. ಅದೇ ರಸ್ತೆಯಲ್ಲಿ ಪುಣೆಯ ಕಡೆಗೆ ಸಾಗಿ ಚೌಫುಲಾದಲ್ಲಿ ಹೊರಳಿದರೆ ಕೇಡಗಾಂವ್. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲಿ. ಕ್ರೈಸ್ತರ ಖಾಸಗಿ ಪ್ರಾರ್ಥನೆಯ ಮಾತು ಬಂದಾಗ ನನಗೆ ಮೊದಲು ನೆನಪಾಗುವವರು ಇವರೇ. ಪ್ರಾರ್ಥಿಸುವುದನ್ನು ಅವರು ತಡವಾಗಿ ಕಲಿತರು, ತಡವಾಯಿತೆಂಬುದನ್ನು ಮುಚ್ಚಿಡಲೂ ಇಲ್ಲ.

ರಮಾಬಾಯಿ ನಮ್ಮ ಘಟ್ಟದ ಮಗಳು. ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರ ತವರಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದ ಸಂಸಾರ ಆಮೇಲೆ ಪುರಾಣ ಓದುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. ತಾಯಿ ಲಕ್ಷ್ಮೀಬಾಯಿ ಬೆಳಗಿನ ಜಾವ ಎಬ್ಬಿಸಿ ಸಂಸ್ಕೃತ ಹೇಳಿಕೊಟ್ಟರು. ಭಾಗವತದ 18,000 ಶ್ಲೋಕ ಹುಡುಗಿಗೆ ಬಾಯಿಪಾಠವಾಗಿತ್ತು. 1874ರ ಸುಮಾರಿನ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಮುಂದೆ ಅಣ್ಣ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ. 1883ರಲ್ಲಿ, ಓದಲೆಂದು ಹೋದ ಇಂಗ್ಲೆಂಡಿನ ವಾಂಟೇಜಿನಲ್ಲಿ, ಪುಟ್ಟ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ.

ಕತೆ ಇಲ್ಲಿಗೆ ಮುಗಿಯಬೇಕಿತ್ತು ಅನ್ನಿಸಬಹುದು. ಆದರೆ ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ ಅವರಿಗೆ ಹೊಳೆದದ್ದೇ ಬೇರೆ: ತನಗೆ ಸಿಕ್ಕಿದ್ದು ಕ್ರೈಸ್ತ ಮತ, ಕ್ರಿಸ್ತ ಇನ್ನೂ ಸಿಕ್ಕಿಲ್ಲ. ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಇದನ್ನು ಅವರೇ ಬರೆದುಕೊಂಡಿದ್ದಾರೆ. ಶ್ಲೋಕ ಬಿಟ್ಟು ಜಪದ ಪುಸ್ತಕ ಹಿಡಿದರೂ ಬಾಯಿಪಾಠ ಬಾಯಿಪಾಠವೇ. ಪ್ರತಿ ಭಾನುವಾರ ಕರ್ತನ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಮುಗಿಸಿ ಆಮೆನ್ ಅನ್ನುವ ನಮಗೆ ಈ ತೊಡಕು ಹೊಸದಲ್ಲ.

ಅವರ ಪ್ರಾರ್ಥನೆ ಬದಲಾದದ್ದು ಪುಣೆಯ ಶಾರದಾ ಸದನದಲ್ಲಿ. ಅದು ಎಳೆಯ ವಿಧವೆಯರಿಗೆಂದು ಅವರು 1889ರಲ್ಲಿ ಮುಂಬಯಿಯಲ್ಲಿ ತೆರೆದು, ಮರುವರ್ಷ ಪುಣೆಗೆ ತಂದ ಶಾಲೆ. ಮಗಳೊಂದಿಗೆ ತನ್ನ ಕೋಣೆಯಲ್ಲಿ ಪ್ರಾರ್ಥಿಸುವಾಗ ರಮಾಬಾಯಿ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಊರಲ್ಲಿ ಗುಲ್ಲೆದ್ದಿತು. ಶಾಲೆಯ ಸಲಹಾ ಸಮಿತಿಯಲ್ಲಿದ್ದ ಸುಧಾರಕರಾದ ರಾನಡೆ, ಭಂಡಾರ್ಕರ್ 1893ರಲ್ಲಿ ಹೊರನಡೆದರು. ಅವರ ಆಕ್ಷೇಪದಲ್ಲೂ ಹುರುಳಿತ್ತು, ಶಾಲೆಯಲ್ಲಿ ಮತದ ಬೋಧನೆ ಇರಕೂಡದೆಂಬ ಕಟ್ಟಳೆಯ ಮೇಲೆಯೇ ಮನೆಯವರು ಮಕ್ಕಳನ್ನು ಕಳಿಸಿದ್ದರು. ರಮಾಬಾಯಿಯ ವಾದ ಇಷ್ಟೆ: ನಾನು ಯಾರನ್ನೂ ಕರೆದಿಲ್ಲ, ಆದರೆ ನನ್ನ ಮನೆಯಲ್ಲಿ ನಾನು ಕದ್ದು ಪ್ರಾರ್ಥಿಸುವವಳೂ ಅಲ್ಲ.

ಹಾಗಾದರೆ ಕೋಣೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳಿ ಎಂದು ಯೇಸು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಕಲಿಸಿದ್ದು? ಅಲ್ಲಿನ ಗ್ರೀಕ್ ಪದ 'ತಮೆಯಾನ್'. ಅದು ಪೂಜೆಯ ಕೋಣೆಯಲ್ಲ, ಕಾಳುಕಡಿ ಇಡುವ ಉಗ್ರಾಣ. ನೋಡುವವರ ಮೆಚ್ಚುಗೆಗೆಂದು ಬೀದಿ ಮೂಲೆಯಲ್ಲಿ ನಿಲ್ಲುವವರಿಗೆ ಹೇಳಿದ ಮಾತದು. ಮುಚ್ಚಬೇಕಾದದ್ದು ಮೆಚ್ಚುಗೆಯ ಬಾಗಿಲು. ಮೆಚ್ಚುಗೆಯ ಬದಲು ಬೈಗುಳ ಬರುವ ಕಡೆ, ಬಾಗಿಲು ತೆರೆದಿಡುವುದೇ ಪ್ರಾಮಾಣಿಕತೆಯಾದೀತು. ಇದು ನನ್ನ ಓದು, ಒಪ್ಪದವರಿರಬಹುದು.

ಇನ್ನು ಭಾಷೆ. ನಮ್ಮಲ್ಲಿ ಬಹಳ ಮಂದಿ ಕಣ್ಣು ಮುಚ್ಚಿದ ಕೂಡಲೇ ಪುಲ್ಪಿಟ್ಟಿನ ಕನ್ನಡಕ್ಕೆ ಜಾರುತ್ತಾರೆ. ನಾನು ಕಂಡ ಗದಗ ಸೀಮೆಯ ಒಬ್ಬ ಅಜ್ಜಿ ಹಾಗಲ್ಲ. ಒಲೆಗೆ ಕಟ್ಟಿಗೆ ತುರುಕುತ್ತ, "ಯಪ್ಪಾ, ಮಗನ ಮ್ಯಾಲ ಸಿಟ್ಟ ಬಂದೈತಿ, ಹೋಗವಲ್ದು, ನೀನಽ ನೋಡು" ಅನ್ನುತ್ತಿದ್ದರು. ಪಾಪದ ಅರಿಕೆ, ಬೇಡಿಕೆ ಎರಡೂ ಅದರಲ್ಲಿ ಮುಗಿದಿತ್ತು. ಕೀರ್ತನೆಗಳ ಪುಸ್ತಕವೂ ಇಂಥದೇ. 88ನೆಯ ಕೀರ್ತನೆ ದೂರಿನಿಂದ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಸಿಗದೆ. ಪ್ರಾರ್ಥಿಸಲು ಮನಸ್ಸೇ ಬಾರದ ದಿನ ಹೊಸಬರು ಅದನ್ನು ಗಟ್ಟಿಯಾಗಿ ಓದಿ ನೋಡಲಿ.

ಮತ್ತೆ ರಮಾಬಾಯಿಯ ಕತೆಗೆ. ಮುಂದೆ ಅವರು ಕೇಡಗಾಂವಿನಲ್ಲಿ ಕಟ್ಟಿದ ಮುಕ್ತಿಗೆ, ಬರದಲ್ಲಿ ನೊಂದ ಮಕ್ಕಳು ನೂರು ಇನ್ನೂರು ಎಂದು ಬಂದು ಸೇರಿದರು. 1905ರ ಜನವರಿಯಲ್ಲಿ ರಮಾಬಾಯಿ ಕೇಳಿದಾಗ ದಿನವೂ ಪ್ರಾರ್ಥನೆಗೆ ಕೂಡಲು ಒಪ್ಪಿದವರು 70 ಮಂದಿ. ಜೂನ್ ಹೊತ್ತಿಗೆ ದಿನಕ್ಕೆರಡು ಸಲ 550 ಮಂದಿ ಸೇರುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಎದ್ದ ಉಜ್ಜೀವನದ ಅಳು, ಕೂಗು, ಎಲ್ಲರೂ ಒಮ್ಮೆಲೇ ಮಾಡುವ ಪ್ರಾರ್ಥನೆ ದೂರದೇಶಗಳವರೆಗೆ ಸುದ್ದಿಯಾಯಿತು. ಪುಸ್ತಕಗಳು ಆ ಗದ್ದಲವನ್ನೇ ಹೆಚ್ಚು ಬರೆಯುತ್ತವೆ. ನನ್ನ ಕಣ್ಣು ನಿಲ್ಲುವುದು ಅದಕ್ಕೂ ಹಿಂದಿನ ಆರು ತಿಂಗಳ ಮೇಲೆ, ಏನೂ ನಡೆಯದೆಯೂ ಬಂದು ಕೂತ ದಿನಗಳ ಮೇಲೆ.

ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಎದುರಿಗಿಟ್ಟುಕೊಂಡು ಬೈಬಲನ್ನು ಮರಾಠಿಗೆ ತರುತ್ತಿದ್ದರು, ಓದು ಬಾರದ ಹೆಣ್ಣುಮಗಳಿಗೂ ಕೇಳಿದರೆ ತಿಳಿಯುವ ಮರಾಠಿಗೆ. ಕಿವಿ ಮಂದವಾಗಿತ್ತು. 1921ರಲ್ಲಿ ಮನೋರಮೆಯೂ ತೀರಿಕೊಂಡಳು. ಕರಡು ತಿದ್ದುವುದು ಉಳಿದಿರುವಾಗ ಹಾಸಿಗೆ ಹಿಡಿದ ರಮಾಬಾಯಿ ಇನ್ನು ಹತ್ತು ದಿನ ಕೊಡು ಎಂದು ಬೇಡಿದರೆಂದು ಮುಕ್ತಿಯವರು ಹೇಳಿಕೊಂಡು ಬಂದಿದ್ದಾರೆ. ಕೊನೆಯ ಹಾಳೆ ತಿದ್ದಿಯಾಯಿತು. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು.