ವೀರಗಲ್ಲಿನಲ್ಲಿ ಕಾಣದ ಸಾಹಣಿ

ಗಳಗನಾಥ ಎಂದೊಡನೆ ಹಳೆಯ ತಲೆಮಾರಿನ ಓದುಗರಿಗೆ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರ ನೆನಪಾಗುತ್ತದೆ. ಅವರಿಗೆ ಕಾವ್ಯನಾಮ ಕೊಟ್ಟ ಊರು ಹಾವೇರಿ ತಾಲ್ಲೂಕಿನಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವ ಕಡೆ ಇದೆ. ಅಲ್ಲಿಯ ಗಳಗೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಈ ಸುತ್ತಿನ ನಾಡಿನಲ್ಲಿ ವೀರಗಲ್ಲುಗಳು ಹೇರಳ. ಎಷ್ಟೋ ಕಲ್ಲುಗಳಲ್ಲಿ ಕುದುರೆಯೇರಿ ಕಾದುವ ವೀರನಿದ್ದಾನೆ, ಅವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರಿದ್ದಾರೆ. ಆ ಕುದುರೆಯನ್ನು ಯುದ್ಧಕ್ಕೆ ಅಣಿಮಾಡಿದವನಿಗೆ ಮಾತ್ರ ಕಲ್ಲಿನಲ್ಲಿ ಜಾಗವಿಲ್ಲ.

ಅವನ ಗುರುತು ಸಿಗುವುದು ಶಾಸನಗಳಲ್ಲಿ ಬರುವ ಒಂದು ಪದದಲ್ಲಿ: ಸಾಹಣಿ. ಅರಸನ ಲಾಯದ ಹೊಣೆ ಹೊತ್ತವನೇ ಸಾಹಣಿ. ಅವರಲ್ಲಿ ಹಿರಿಯನಾದವನು ಮಹಾಸಾಹಣಿ. ಇಷ್ಟು ದೊಡ್ಡ ಅಧಿಕಾರ ಕುದುರೆ ಸಾಕುವವನಿಗೇಕೆ ಎಂದು ಕೇಳಬಹುದು. ಕಾರಣ ಸರಳ. ಒಳ್ಳೆಯ ಕುದುರೆ ನಮ್ಮಲ್ಲಿ ಹುಟ್ಟುತ್ತಿರಲಿಲ್ಲ. ಅರಬ್ ನಾಡು, ಪರ್ಷಿಯಗಳಿಂದ ಹಡಗಿನಲ್ಲಿ ಬರಬೇಕಿತ್ತು. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೋ ಪೋಲೋ, ಅಲ್ಲಿ ಉತ್ತಮ ಗಂಡುಹೆಣ್ಣುಗಳನ್ನು ಕೂಡಿಸಿದರೂ ಸೊಟ್ಟಗಾಲಿನ ಮರಿಯೇ ಹುಟ್ಟುತ್ತದೆ, ಆರೈಕೆ ತಿಳಿಯದೆ ಕುದುರೆಗಳು ಸಾಯುತ್ತವೆ ಎಂದು ಬರೆದ. ವಿಜಯನಗರದ ಅರಸರಿಗೂ ಇದೇ ಪೇಚು. ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ, ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕು! ಹೀಗೆಂದವನು ಪೋರ್ಚುಗೀಸ್ ವ್ಯಾಪಾರಿ ನೂನಿಜ್. ಇಷ್ಟು ದುಬಾರಿಯ ಪ್ರಾಣಿ ಕೈಗೆ ಬಂದಮೇಲೆ ಅದು ಬದುಕುವುದೂ ಬಾಗುವುದೂ ಲಾಯದವನ ಕೈಯಲ್ಲಿತ್ತು.

ಆ ವಿದ್ಯೆಯನ್ನು ನಮ್ಮವರು ಅರಿಯದವರೇನಲ್ಲ. ಮಾರ್ಕೋ ಪೋಲೋಗಿಂತ ಒಂದೂವರೆ ಶತಮಾನ ಹಿಂದೆಯೇ ಚಾಲುಕ್ಯ ದೊರೆ 3ನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳನ್ನು ಹುಟ್ಟಿದ ದೇಶದ ಮೇಲೆ ವಿಂಗಡಿಸಿ, ಸವಾರಿ ಮಾಡುತ್ತ ಚೆಂಡು ಹೊಡೆಯುವ ಆಟವನ್ನೂ ವರ್ಣಿಸಿದ್ದಾನೆ. ಇಂದಿನ ಪೋಲೋ ಆಟಕ್ಕೆ ಅದು ಬಹಳ ಹತ್ತಿರ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯವಿದೆ. ಮೈಸೂರಿನ ಚಾಮರಾಜ ಒಡೆಯರ ಕಾಲದ ‘ಹಯಸಾರಸಮುಚ್ಚಯ’ವಿದೆ.

ಆದರೆ ಕುದುರೆ ಪಳಗಿಸುವುದು ಓದಿ ಬರುವ ವಿದ್ಯೆಯಲ್ಲ. ಹೆಣ್ಣು ಕುದುರೆ ಸುಮಾರು 11 ತಿಂಗಳು ಗರ್ಭ ಹೊರುತ್ತದೆ. ಮರಿಯನ್ನು ಮೊದಲು ಮನುಷ್ಯನ ಕೈಗೆ ಒಗ್ಗಿಸಬೇಕು. ಆಮೇಲೆ ಬಾಯಿಗೆ ಕಡಿವಾಣ, ಉದ್ದನೆಯ ಹಗ್ಗ ಹಿಡಿದು ಸುತ್ತು ಓಡಿಸುವುದು, ಬೆನ್ನಿಗೆ ಬರಿಯ ಜೀನು, ಕಟ್ಟಕಡೆಗೆ ಸವಾರ. ಯುದ್ಧದ ಕುದುರೆಯಾದರೆ ಭೇರಿಯ ಸದ್ದಿಗೂ ಬೆದರಬಾರದು. ಹುಡುಗರಿಗೆ ಸವಾರಿ ಕಲಿಸುವವರು ಇಂದಿಗೂ ಬಿಡದ ನಿಯಮವೊಂದಿದೆ: ಹೊಸ ಸವಾರನಿಗೆ ಹಳೆಯ ಕುದುರೆ, ಹೊಸ ಕುದುರೆಗೆ ಹಳೆಯ ಸವಾರ. ಎರಡೂ ಹೊಸತಾದರೆ ಮೂಳೆ ಮುರಿಯುವುದು ಖಂಡಿತ.

ಈ ಕಸುಬು ಯಾರ ಯಾರ ಕೈ ದಾಟಿತೆಂಬುದನ್ನು ಮಾತುಗಳೇ ಹೇಳುತ್ತವೆ. ಹಲ್ಲಣ ಹೋಗಿ ಜೀನು ಬಂತು, ಅಂಕವಣಿ ಹೋಗಿ ರಿಕಾಪು ಬಂತು. ಕಡಿವಾಣ ಉಳಿದರೂ ಅದರ ಪಕ್ಕದಲ್ಲಿ ಪಾರಸಿಯ ಲಗಾಮು ಸೇರಿತು.

ಕುದುರೆಯನ್ನು ಇಲ್ಲಿಯೇ ಬೆಳೆಸುವ ಯತ್ನದ ದೊಡ್ಡ ಗುರುತು ತುಮಕೂರು ಜಿಲ್ಲೆಯ ಕುಣಿಗಲ್ ಫಾರ್ಮು. ಟಿಪ್ಪು ಸುಲ್ತಾನನ ಸೈನ್ಯಕ್ಕಾಗಿ ಶುರುವಾದದ್ದೆಂದು ಹೆಸರಾದ ಅದು ಬ್ರಿಟಿಷರ ಕಾಲವನ್ನೂ ಕಂಡಿತು. ಸವಾರರ ಕೀರ್ತಿಯೂ ಅಷ್ಟಕ್ಕೆ ನಿಲ್ಲಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳ ಜೋಧಪುರದವರೊಡನೆ ದೂರದ ಹೈಫಾ ಪಟ್ಟಣವನ್ನು ಗೆದ್ದಿತು. ಬಳಿಕ ಕುದುರೆದಳಗಳೇ ಮಾಯವಾದವು. ಕುಣಿಗಲ್ ರೇಸ್ ಕುದುರೆಗಳ ಊರಾಯಿತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಸ್ವಾರಸ್ಯವೆಂದರೆ, ರೇಸಿನ ಥರೋಬ್ರೆಡ್ ತಳಿಯ ಗಂಡುವಂಶವೆಲ್ಲ ಪಶ್ಚಿಮ ಏಷ್ಯಾದ ಕಡೆಯಿಂದ ಇಂಗ್ಲೆಂಡಿಗೆ ಹೋದ 3 ಕುದುರೆಗಳಿಗೆ ಸೇರುತ್ತದೆ. ವಿಜಯನಗರಕ್ಕೆ ಬರುತ್ತಿದ್ದ ಕುದುರೆಗಳ ನೆಂಟರೇ ಲಂಡನ್ ಸುತ್ತಿಕೊಂಡು ಕುಣಿಗಲ್‌ಗೆ ಬಂದಂತಾಯಿತು.

ಬೆಂಗಳೂರು, ಮೈಸೂರುಗಳ ರೇಸ್ ಪುಸ್ತಕದಲ್ಲಿ ಮಾಲೀಕ, ಜಾಕಿಗಳ ಜೊತೆಗೆ ಪಳಗಿಸಿದ ಟ್ರೇನರನ ಹೆಸರೂ ಅಚ್ಚಾಗುತ್ತದೆ. ಬೆಳಗಿನ ಜಾವಕ್ಕೆ ಎದ್ದು ಮೈ ತಿಕ್ಕಿ ಮೇವು ಹಾಕುವ ಸೈಸನದು ಇನ್ನೂ ಅಲ್ಲಿಗೆ ಬಂದಿಲ್ಲ.