ಮೊದಲು ಯಾವ ಜಿರಲೆ ಎಂದು ನೋಡಿ

ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಜಿರಲೆಯ ದೂರು ಶುರುವಾಗುತ್ತದೆ. ಅಡುಗೆಮನೆಯ ದೀಪ ಹಾಕಿದೊಡನೆ ಗ್ಯಾಸ್ ಒಲೆಯ ಅಡಿಗೆ ಸರಸರನೆ ಓಡಿದವು ಎಂದು ಒಬ್ಬರು ಹೇಳಿದರೆ, ರಾತ್ರಿ ಬಚ್ಚಲಮನೆಗೆ ಕಾಲಿಡಲು ಆಗುವುದಿಲ್ಲ ಎಂದು ಇನ್ನೊಬ್ಬರು. ಇಬ್ಬರೂ ಪೇಟೆಯಿಂದ ತರುವುದು ಒಂದೇ ಸ್ಪ್ರೇ ಡಬ್ಬ. ಎರಡು ದಿನ ಸತ್ತ ಜಿರಲೆಗಳನ್ನು ಗುಡಿಸಿ ಹಾಕುವುದು, ಹದಿನೈದು ದಿನಕ್ಕೆ ಮತ್ತೆ ಅದೇ ಪಾಡು. ಔಷಧಕ್ಕೆ ಶಕ್ತಿಯಿಲ್ಲ ಎಂದು ಇನ್ನೂ ಖಾರವಾದದ್ದನ್ನು ಹುಡುಕುವವರು ಒಂದು ಸಂಗತಿಯನ್ನು ಗಮನಿಸಿರುವುದಿಲ್ಲ: ಅಡುಗೆಮನೆಯ ಜಿರಲೆಯೂ ಬಚ್ಚಲಿನ ಜಿರಲೆಯೂ ಬೇರೆ ಬೇರೆ ಜಾತಿಯವು. ಬರುವ ದಾರಿ ಬೇರೆ, ಬದುಕುವ ಕ್ರಮ ಬೇರೆ, ಹೋಗಲಾಡಿಸುವ ಉಪಾಯವೂ ಬೇರೆ. ಗುರುತು ಹಿಡಿಯದೆ ವಿಷ ಕೊಳ್ಳುವುದೇ ಈ ಸೋಲಿಗೆ ಮೂಲ ಎಂಬುದು ನನ್ನ ವಾದ.

ಗುರುತಿಸುವುದು ಕಷ್ಟವೇನಲ್ಲ. ಬಚ್ಚಲಲ್ಲಿ ಕಾಣುವ ದೊಡ್ಡದು ಅಮೆರಿಕನ್ ಜಿರಲೆ. ಒಂದೂವರೆ ಇಂಚು ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ, ತಲೆಯ ಹಿಂದಿನ ಕವಚದ ಅಂಚಿಗೆ ಹಳದಿ ಬಳೆ. ಸೆಖೆಯ ರಾತ್ರಿಗಳಲ್ಲಿ ಹಾರಿಯೂ ಬರುತ್ತದೆ. ಹದಿನೈದರಷ್ಟು ಮೊಟ್ಟೆಯಿರುವ ಕಪ್ಪು ಕೋಶವನ್ನು ಸಂದಿಯಲ್ಲಿ ಅಂಟಿಸಿ ಹೋಗುತ್ತದೆ. ಮರಿ ಬೆಳೆದು ದೊಡ್ಡದಾಗಲು ಹಲವು ತಿಂಗಳು, ಒಮ್ಮೊಮ್ಮೆ ವರ್ಷವೇ ಬೇಕು. ಅಡುಗೆಮನೆಯ ಸಣ್ಣದು ಜರ್ಮನ್ ಜಿರಲೆ. ಅರ್ಧ ಇಂಚು, ತಿಳಿ ಕಂದು, ತಲೆಯ ಹಿಂದೆ ಉದ್ದಕ್ಕೆ ಎರಡು ಕಪ್ಪು ಗೆರೆ. ರೆಕ್ಕೆಯಿದ್ದರೂ ಹಾರುವುದಿಲ್ಲ. ಇದರ ಹೆಣ್ಣು 30ರಿಂದ 40 ಮೊಟ್ಟೆಗಳ ಕೋಶವನ್ನು ಮರಿಯಾಗುವವರೆಗೂ ಬಾಲದ ತುದಿಯಲ್ಲೇ ಹೊತ್ತು ತಿರುಗುತ್ತದೆ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮೊಟ್ಟೆಗೆ ಬರುತ್ತವೆ. ಕಪಾಟಿನ ಬಾಗಿಲಿನ ತಿರುಗಣೆಯ ಬಳಿ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಇದರ ಹಿಕ್ಕೆ. ಹಗಲಲ್ಲೇ ಕಂಡಿತೆಂದರೆ ಒಳಗೆ ಜಾಗ ಸಾಲದಷ್ಟು ತುಂಬಿದೆ ಎಂದು ತಿಳಿಯಬೇಕು.

ಈ ಸಣ್ಣದು ಕಾಡಿನಿಂದಲೋ ತೋಟದಿಂದಲೋ ಬಂದದ್ದಲ್ಲ. ಜಗತ್ತಿನಲ್ಲಿರುವ ನಾಲ್ಕು ಸಾವಿರಕ್ಕೂ ಹೆಚ್ಚು ಜಿರಲೆ ಜಾತಿಗಳಲ್ಲಿ ಮನುಷ್ಯರಿಗೆ ಉಪದ್ರವ ಕೊಡುವವು ಮೂವತ್ತರಷ್ಟು. ಅವುಗಳಲ್ಲೂ ಇದು ಮನೆ ಬಿಟ್ಟು ಹೊರಗೆ ಬದುಕುವುದನ್ನೇ ಮರೆತಿದೆ. 17 ದೇಶಗಳಿಂದ ತಂದ 281 ಜಿರಲೆಗಳ ವಂಶವಾಹಿಯನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರಿನ ಕಡೆ, ಬಯಲಲ್ಲಿ ಬದುಕುವ ಏಷ್ಯನ್ ಜಿರಲೆಯಿಂದ ಇದು ಕವಲೊಡೆಯಿತು, ಅಲ್ಲಿಂದ ವ್ಯಾಪಾರದ ಸರಕಿನೊಡನೆ ಪಶ್ಚಿಮಕ್ಕೆ ಹೋಯಿತು ಎಂದು ಆ ಸಂಶೋಧಕರು ತೋರಿಸಿದರು. ಸರಕಿನೊಡನೆ ಎಂಬ ಮಾತು ಇಂದಿಗೂ ಸಲ್ಲುತ್ತದೆ. ಹಾರಲಾರದ, ಹೊರಗೆ ಬದುಕಲಾರದ ಹುಳ ಹಳ್ಳಿಯ ಒಂಟಿ ಮನೆ ತಲುಪಬೇಕಾದರೆ ಯಾರೋ ಹೊತ್ತು ತರಬೇಕು. ಕಿರಾಣಿಯ ರಟ್ಟಿನ ಪೆಟ್ಟಿಗೆ, ಬಸ್ಸಿಗೆ ಹಾಕಿದ ಪಾರ್ಸೆಲ್, ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿದವರು ಊರಿಗೆ ಸಾಗಿಸಿದ ಫ್ರಿಜ್, ಮಿಕ್ಸಿ: ಇವೇ ಅದರ ವಾಹನ. ಬಂದ ಮೇಲೆ ಬೇಕಾಗುವುದು ಬಿಸುಪು, ನೀರು, ಕಿರಿದಾದ ಸಂದಿ. ಫ್ರಿಜ್ಜಿನ ಹಿಂಬದಿಯ ಮೋಟಾರು, ನೀರು ಶುದ್ಧಿ ಮಾಡುವ ಯಂತ್ರ, ಸಿಂಕಿನ ಕೆಳಗಿನ ಪ್ಲೈವುಡ್ ಕಪಾಟು ಇವೆಲ್ಲ ಒದಗಿಸುವುದು ಅದನ್ನೇ.

ಸ್ಪ್ರೇ ಯಾಕೆ ಸೋಲುತ್ತದೆ ಎಂಬುದಕ್ಕೆ ಈಗ ಸಾಕಷ್ಟು ಪುರಾವೆಯಿದೆ. ಡಬ್ಬದಲ್ಲಿಯೂ ಗೆರೆ ಎಳೆಯುವ ಕಡ್ಡಿಯಲ್ಲಿಯೂ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ಅದು ಎದುರಿಗೆ ಸಿಕ್ಕಿದ್ದನ್ನು ಕೊಲ್ಲುತ್ತದೆ, ಸಂದಿಯಲ್ಲಿರುವುದನ್ನು ಇನ್ನೂ ಆಳಕ್ಕೆ, ಪಕ್ಕದ ಕೋಣೆಗೆ ಅಟ್ಟುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ಸಂಶೋಧಕರು 2019ರಲ್ಲಿ ವಾಸದ ಮನೆಗಳಲ್ಲೇ ಪರೀಕ್ಷೆ ನಡೆಸಿದರು. ಕೋಣೆ ತುಂಬ ವಿಷದ ಮಂಜು ಬಿಟ್ಟ ಮನೆಗಳಲ್ಲಿ ಜಿರಲೆ ಕಡಿಮೆಯಾಗಲಿಲ್ಲ, ನೆಲ ಮೇಜುಗಳ ಮೇಲೆ ವಿಷದ ಉಳಿಕೆ ಮಾತ್ರ ಏರಿತು. ಜಿರಲೆ ತಿನ್ನುವಂಥ ವಿಷದ ಜೆಲ್ ಇಟ್ಟ ಮನೆಗಳಲ್ಲಿ ಸಂಖ್ಯೆ ಇಳಿಯಿತು. ಅದೇ ವರ್ಷ ಪರ್ಡ್ಯೂ ವಿಶ್ವವಿದ್ಯಾಲಯದವರು ಜರ್ಮನ್ ಜಿರಲೆ ಒಂದೇ ಪೀಳಿಗೆಯಲ್ಲಿ ವಿಷ ತಾಳುವ ಶಕ್ತಿ ಪಡೆಯಬಲ್ಲದು, ತಾನು ಎಂದೂ ಸೋಂಕದ ವಿಷಕ್ಕೂ ಜಗ್ಗದಿರಬಲ್ಲದು ಎಂದು ಕಂಡರು. ಆದ್ದರಿಂದ ಖಾರ ಏರಿಸುತ್ತ ಹೋಗುವುದು ಸೋಲುವ ಪಂದ್ಯ. ತೋಟಕ್ಕೋ ಶುಂಠಿಗೋ ತಂದ ಕೀಟನಾಶಕವನ್ನು ಒಳಗೆ ಹೊಡೆಯುವುದಂತೂ ಅಪಾಯಕ್ಕೆ ಆಹ್ವಾನ. ಮನೆಗಳಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದ್ದ ಡೈಕ್ಲೋರ್ವಾಸ್ ಅನ್ನು ಕೇಂದ್ರ ಸರ್ಕಾರವೇ 2020ರ ಕೊನೆಯಿಂದ ನಿಷೇಧಿಸಿದೆ.

ಸಣ್ಣ ಜಿರಲೆಗೆ ಮದ್ದು ನೀರಿನಲ್ಲಿದೆ. ಹೆಣ್ಣು ಜಿರಲೆ ನೀರಿದ್ದರೆ ಅನ್ನವಿಲ್ಲದೆ ತಿಂಗಳು ದಾಟಿಸುತ್ತದೆ; ನೀರಿಲ್ಲದಿದ್ದರೆ ಎದುರಿಗೆ ಒಣ ತಿಂಡಿಯಿದ್ದರೂ ಎರಡು ವಾರ ಬಾಳುವುದಿಲ್ಲ. ಹಾಗಾಗಿ ಮಲಗುವ ಮುನ್ನ ಸಿಂಕ್ ಒರೆಸುವುದು, ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸುವುದು, ಫ್ರಿಜ್ಜಿನ ಹಿಂದಿನ ತಟ್ಟೆಯ ನೀರು ಚೆಲ್ಲುವುದು ಸ್ಪ್ರೇಗಿಂತ ದೊಡ್ಡ ಕೆಲಸ. ನಮ್ಮ ಕಡೆಯ ಅಡುಗೆಮನೆಯಲ್ಲಿ ಇನ್ನೆರಡು ಸಂಗತಿ ಗಮನಿಸಬೇಕು. ದನಕ್ಕೆಂದು ಇಡುವ ಅಕ್ಕಚ್ಚಿನ ಬಕೆಟ್ ರಾತ್ರಿ ಒಳಗೆ ಉಳಿದರೆ ಅನ್ನ, ನೀರು ಎರಡೂ ಒಂದೇ ಕಡೆ ಬಡಿಸಿದ ಹಾಗೆ. ಸಂಜೆಯೇ ಕೊಟ್ಟಿಗೆ ಸೇರಲಿ. ಜೋನಿಬೆಲ್ಲದ ಡಬ್ಬದ ಹೊರಮೈ ಎಷ್ಟು ಒರೆಸಿದರೂ ಅಂಟುತ್ತದೆ, ಅದನ್ನು ನೀರು ಹಾಕಿದ ತಟ್ಟೆಯಲ್ಲಿಡುವುದು ಇರುವೆಗೆ ಸರಿ, ಜಿರಲೆಗೆ ಅದೇ ಕುಡಿಯುವ ನೀರಾಗುತ್ತದೆ. ಬಿಗಿ ಮುಚ್ಚಳದ ಡಬ್ಬ, ಒಣ ಜಾಗ ಮೇಲು. ಇಷ್ಟಾದ ಮೇಲೆ ಜೆಲ್. ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಇರುವ ಜೆಲ್ಲನ್ನು ಅಕ್ಕಿಕಾಳಿನಷ್ಟು ಸಣ್ಣ ಬೊಟ್ಟುಗಳಾಗಿ, ತಿರುಗಣೆ, ಸಂದಿ, ಒಲೆಯ ಹಿಂಬದಿಗಳಲ್ಲಿ, ಮಕ್ಕಳ ಕೈಗೂ ಬೆಕ್ಕಿನ ಬಾಯಿಗೂ ಸಿಗದಂತೆ ಇಡಬೇಕು. ತಿಂದು ಸತ್ತದ್ದನ್ನೂ ಅದರ ಹಿಕ್ಕೆಯನ್ನೂ ತಿನ್ನುವ ಉಳಿದವುಗಳಿಗೆ ವಿಷ ದಾಟುತ್ತದೆ. ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆದರೆ ಜಿರಲೆ ಅತ್ತ ಸುಳಿಯುವುದಿಲ್ಲ, ಹಣ ದಂಡ. ಎಲ್ಲಿ ಇಡುವುದೆಂದು ತಿಳಿಯದಿದ್ದರೆ ನಾಲ್ಕು ಮೂಲೆಯಲ್ಲಿ ಅಂಟುಹಾಳೆ ಇಟ್ಟು ಬೆಳಿಗ್ಗೆ ಎಣಿಸಿ. ಹೆಚ್ಚು ಬಿದ್ದ ಮೂಲೆಯ ಹತ್ತಿರವೇ ಗೂಡು.

ದೊಡ್ಡ ಜಿರಲೆಗೆ ಈ ಶ್ರಮ ಬೇಕಿಲ್ಲ. ಅದು ಹೊರಗಿನದು. ಇಂಗುಗುಂಡಿ, ಮೋರಿ, ಬಚ್ಚಲ ಒಲೆಗೆ ಒಟ್ಟಿದ ಕಟ್ಟಿಗೆ, ಅಡಿಕೆ ಸಿಪ್ಪೆ, ಒದ್ದೆ ಗೋಣಿಚೀಲ ಅದರ ಮನೆ. ಗೋಡೆಗೆ ತಾಗಿಸಿ ಒಟ್ಟಿದ ಕಟ್ಟಿಗೆಯನ್ನು ಒಂದು ಮೊಳ ದೂರ ಸರಿಸುವುದು, ಬಚ್ಚಲ ತೂಬಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕುವುದು, ಪ್ಲಂಬರರು ನಹಾನಿ ಟ್ರ್ಯಾಪ್ ಎನ್ನುವ ಬಾಗಿನಲ್ಲಿ ಸದಾ ನೀರು ನಿಲ್ಲುವಂತೆ ನೋಡಿಕೊಳ್ಳುವುದು ಸಾಕು. ಬಳಸದ ಕೋಣೆಯ ಬಚ್ಚಲಲ್ಲಿ ಆ ನೀರು ಆರಿ, ಗುಂಡಿಯಿಂದ ನೇರ ದಾರಿ ತೆರೆಯುತ್ತದೆ. ವಾರಕ್ಕೊಂದು ಚೊಂಬು ನೀರು ಹೊಯ್ಯಿರಿ. ಅಂಗಳಕ್ಕೆ, ದರಕಿನ ರಾಶಿಗೆ ವಿಷ ಹೊಡೆಯುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಅಲ್ಲಿರುವ ಜಿರಲೆಗಳಲ್ಲಿ ಹೆಚ್ಚಿನವು ಎಲೆ ಕೊಳೆಸಿ ಗೊಬ್ಬರ ಮಾಡುವ ಕಾಡಿನ ಜಾತಿಗಳು. ಮನೆಯ ಸುತ್ತ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರು ಈ ಸೀಮೆಯಲ್ಲಿ ಬಹಳ; ಈ ವಿಷಗಳೆಲ್ಲ ಜೇನಿಗೆ ಮಾರಕ. ಬಚ್ಚಲ ಗೋಡೆಯ ಮೇಲೆ ಚಪ್ಪಟೆ ಹೊಟ್ಟೆಯನ್ನು ಬಾವುಟದಂತೆ ಅಲ್ಲಾಡಿಸುತ್ತ ಕೂರುವ ಕಪ್ಪು ಕಣಜವೊಂದಿದೆ, ಅದು ಕಚ್ಚುವುದಿಲ್ಲ. ದೊಡ್ಡ ಜಿರಲೆಯ ಮೊಟ್ಟೆಕೋಶದಲ್ಲಿ ತನ್ನ ಮೊಟ್ಟೆಯಿಡುತ್ತದೆ, ಅದರ ಮರಿ ಒಳಗಿನದನ್ನೆಲ್ಲ ತಿಂದು ಬೆಳೆಯುತ್ತದೆ. ಅದನ್ನು ಹೊಡೆಯಬೇಡಿ.

ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಲ್ಲಿ, ಹಂಚಿನ ಮಾಡು, ಮರದ ಅಟ್ಟ, ನಾಗಂದಿಗೆಗಳ ಮನೆಯಲ್ಲಿ ಒಣಗಿಸುವುದೇನು, ಸಂದಿ ಮುಚ್ಚುವುದೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸಣ್ಣ ಜಿರಲೆ ಇಡೀ ಮನೆಗೆ ಹರಡಿಕೊಳ್ಳುವುದಿಲ್ಲ. ಅನ್ನ ನೀರಿನಿಂದ ಕೆಲವೇ ಅಡಿ ದೂರದಲ್ಲಿ ಗುಂಪುಗೂಡಿರುತ್ತದೆ. ಒಲೆ, ಸಿಂಕ್, ಫ್ರಿಜ್ಜಿನ ಸುತ್ತಲಿನ ಸಂದಿ ತುಂಬಿದರೆ ಮುಕ್ಕಾಲು ಕೆಲಸ ಆಯಿತು. ಉಳಿದದ್ದು ಕಾಲದ ಪ್ರಶ್ನೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದು ಕಾಯಿ ಉದುರಲು ಶುರುವಾದ ಮೇಲಲ್ಲ, ಕೊಳೆ ಬರುವ ಮೊದಲೇ. ಇದೂ ಹಾಗೆಯೇ. ಕಟ್ಟಿಗೆ, ಹಪ್ಪಳ, ಸಂಡಿಗೆ ಜೋಡಿಸಿಕೊಳ್ಳುವ ಏಪ್ರಿಲ್-ಮೇ ತಿಂಗಳಲ್ಲೇ ಜೆಲ್ ಇಡಬೇಕು. ಮಳೆಯ ತಂಪಿಗೆ ಜೆಲ್ ಬೂಸ್ಟು ಹಿಡಿಯುತ್ತದೆ, ಜಿರಲೆಗೆಂದು ಕೆಲವರು ಉದುರಿಸುವ ಬೋರಿಕ್ ಪುಡಿ ಗಂಟುಕಟ್ಟುತ್ತದೆ. ಲವಂಗ, ಕರ್ಪೂರ, ನುಸಿಗುಳಿಗೆ ಸಾಲದೇ ಎಂದು ಕೇಳುವವರಿದ್ದಾರೆ. ಅವು ಒಂದು ಕಪಾಟಿನಿಂದ ಹೊರಗೆ ಕಳಿಸಿಯಾವು, ಮನೆಯಿಂದಲ್ಲ. ಯಾರಿಗೂ ಕಚ್ಚದ ಜೀವವನ್ನು ಯಾಕೆ ಕೊಲ್ಲಬೇಕು ಎಂಬ ಪ್ರಶ್ನೆಗೆ ನನಗೆ ಗೌರವವಿದೆ. ಉತ್ತರ ಮಕ್ಕಳ ಉಸಿರಿನಲ್ಲಿದೆ. ಜಿರಲೆಯ ಹಿಕ್ಕೆ, ಪೊರೆಗಳ ಧೂಳಿಗೆ ಒಗ್ಗದ ಮಕ್ಕಳು ಅಂಥ ಮನೆಯಲ್ಲಿದ್ದರೆ ಉಬ್ಬಸ ಹೆಚ್ಚಿ ಆಸ್ಪತ್ರೆ ಸೇರುವುದು ಜಾಸ್ತಿ ಎಂದು ಅಮೆರಿಕದ ನಗರಗಳ ಅಧ್ಯಯನ 1997ರಲ್ಲೇ ತೋರಿಸಿತು. ಜಿರಲೆ ಸತ್ತ ಮೇಲೂ ಆ ಧೂಳು ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಜೆಲ್ ಇಟ್ಟ ತಿಂಗಳೆರಡು ತಿಂಗಳಿಗೆ, ಅಂಟುಹಾಳೆ ಖಾಲಿ ಬಂದ ಮೇಲೆ, ಕಪಾಟು ಬರಿದು ಮಾಡಿ ಸೋಪುನೀರಿನ ಬಟ್ಟೆಯಿಂದ ಒರೆಸಿ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಧೂಳು ಮೇಲೆದ್ದು ನೇರ ಮೂಗಿಗೆ ಬರುತ್ತದೆ.