ಹೆಬ್ಬಾತನ್ನು ಹಾರಿಸಬೇಡಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕ್ಯಾಮೆರಾ ಹೊತ್ತು ಬರುವ ಹಲವರಿಗೆ ಬೇಕಿರುವುದು ಒಂದೇ ಚಿತ್ರ. ನೂರಾರು ಹೆಬ್ಬಾತುಗಳು ಒಮ್ಮೆಗೇ ನೀರು ಬಿಟ್ಟು ಮೇಲೇಳಬೇಕು, ಹಿಂದೆ ಬೆಳಗಿನ ಬಿಸಿಲಿರಬೇಕು. ಹಕ್ಕಿಗಳೋ ಕೆರೆಯ ನಡುವೆ ಕೊರಳು ಹಿಂದಕ್ಕೆ ತಿರುಗಿಸಿ, ಕೊಕ್ಕನ್ನು ಬೆನ್ನ ಗರಿಯೊಳಗೆ ತೂರಿಸಿ ನಿದ್ದೆ ಹೊಡೆಯುತ್ತಿರುತ್ತವೆ. ಕಾದು ಬೇಸತ್ತವರೊಬ್ಬರು ಚಪ್ಪಾಳೆ ತಟ್ಟುತ್ತಾರೆ, ಇಲ್ಲವೇ ಏರಿ ಇಳಿದು ನೀರಿನತ್ತ ನಡೆಯುತ್ತಾರೆ. ಹಿಂಡು ಎದ್ದೇಳುತ್ತದೆ, ಚಿತ್ರವೂ ಸಿಗುತ್ತದೆ. ಅದಕ್ಕೆ ಹಕ್ಕಿ ಕೊಟ್ಟ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಅದರ ಮೈಯೊಳಗೆ ನಡೆಯುವುದನ್ನು ಒಂದಿಷ್ಟು ನೋಡಬೇಕು.

ಇದು ಶಿರಹಟ್ಟಿ ತಾಲ್ಲೂಕಿನ ಮಾಗಡಿ, ಬೆಂಗಳೂರಿನ ಪಕ್ಕದ್ದಲ್ಲ. ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ, ಐವತ್ತು ಹೆಕ್ಟೇರ್ ಆಸುಪಾಸಿನ ಕೆರೆ. ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಕರ್ನಾಟಕದಿಂದ ಮೊದಲು, 2022ರಲ್ಲಿ, ರಂಗನತಿಟ್ಟು ಸೇರಿತು. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಕೆರೆ, ಅಘನಾಶಿನಿ ಅಳಿವೆಗಳ ಜೊತೆ ಮಾಗಡಿಗೂ ಆ ಮಾನ್ಯತೆ ಸಿಕ್ಕಿತು. 160ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಆದರೂ ಕೆರೆಗೆ ಹೆಸರು ತಂದದ್ದು ಪಟ್ಟೆತಲೆ ಹೆಬ್ಬಾತು. ದಕ್ಷಿಣ ಭಾರತದಲ್ಲಿ ಅವು ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಇದೂ ಒಂದು.

ಹಕ್ಕಿಯ ಗುರುತು ಸುಲಭ. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಕಿತ್ತಳೆ ಛಾಯೆಯ ಕಾಲು. ತೂಕ ಎರಡರಿಂದ ಮೂರು ಕಿಲೋ. ನವೆಂಬರಿನಿಂದ ಬರತೊಡಗುತ್ತವೆ, ಮಾರ್ಚ್ ಹೊತ್ತಿಗೆ ಜಾಗ ಖಾಲಿ ಮಾಡುತ್ತವೆ. ಇಲ್ಲಿರುವಷ್ಟು ದಿನ ಅವುಗಳ ಬದುಕು ಎರಡು ಪಾಳಿಯದು. ಮುಸ್ಸಂಜೆಗೆ ಸಾಲುಗಟ್ಟಿ ಸುತ್ತಲಿನ ಹೊಲಗಳಿಗೆ ಹೊರಡುತ್ತವೆ. ಹುಲ್ಲು, ಎಳೆಯ ಪೈರು, ಕೊಯ್ಲಿನ ನಂತರ ಮಣ್ಣಲ್ಲಿ ಉಳಿದ ಶೇಂಗಾ, ಕಾಳು ಸಿಕ್ಕಷ್ಟು ಮೇಯುತ್ತವೆ. ಬೆಳಗಾದರೆ ಕೆರೆ. ನಾಯಿ, ನರಿ ಹತ್ತಿರ ಬಾರದ ನಡುನೀರಿನಲ್ಲೋ ದಡದ ಬಯಲಿನಲ್ಲೋ ಹಗಲೆಲ್ಲ ವಿಶ್ರಾಂತಿ. ನಮ್ಮ ಕಣ್ಣಿಗೆ ಅದು ಸೋಮಾರಿತನ. ಹಕ್ಕಿ ಮಾತ್ರ ಆ ಹೊತ್ತಿನಲ್ಲಿ ತಿಂದದ್ದನ್ನು ಅರಗಿಸಿ ಕೊಬ್ಬು ಕೂಡಿಡುತ್ತಿರುತ್ತದೆ.

ಆ ಕೊಬ್ಬು ಎಷ್ಟು ಬೇಕೆಂಬುದಕ್ಕೆ ದಾರಿಯೇ ಉತ್ತರ. ಮಂಗೋಲಿಯಾದ ಸರೋವರಗಳಲ್ಲಿ, ಟಿಬೆಟ್ ಪ್ರಸ್ಥಭೂಮಿಯ ಜೌಗಿನಲ್ಲಿ ಇವು ಮರಿ ಮಾಡುತ್ತವೆ. ಮಂಗೋಲಿಯಾದಿಂದ ಗದಗಕ್ಕೆ ನೇರ ಗೆರೆ ಎಳೆದರೂ ನಾಲ್ಕು ಸಾವಿರ ಕಿಲೋಮೀಟರು ದಾಟುತ್ತದೆ, ನಡುವೆ ಹಿಮಾಲಯ ಅಡ್ಡ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಅರ್ಧಕ್ಕೆ ಬಂದಿರುತ್ತದೆ. ಅಷ್ಟು ತೆಳು ಗಾಳಿಯಲ್ಲಿ ನಾವು ನಾಲ್ಕು ಹೆಜ್ಜೆ ಇಟ್ಟು ನಿಂತು ಏದುಸಿರು ಬಿಡುತ್ತೇವೆ. ಹೆಬ್ಬಾತು ಅಲ್ಲಿ ರೆಕ್ಕೆ ಬಡಿಯಬೇಕು. ಹಾರುವಾಗ ಅದಕ್ಕೆ ವಿಶ್ರಾಂತಿಯಲ್ಲಿ ಬೇಕಾಗುವ ಹತ್ತರಿಂದ ಹದಿನೈದು ಪಟ್ಟು ಆಮ್ಲಜನಕ ಬೇಕು. ಆಮ್ಲಜನಕ ಅರ್ಧ, ಖರ್ಚು ಹತ್ತು ಪಟ್ಟು. ಈ ಲೆಕ್ಕ ಹೇಗೆ ಸರಿಹೋಗುತ್ತದೆ?

ಮೊದಲನೆಯದು ಎಲ್ಲ ಹಕ್ಕಿಗಳಿಗೂ ಇರುವ ಅನುಕೂಲ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಹೋದ ದಾರಿಯಲ್ಲೇ ವಾಪಸು ಬರಬೇಕು, ಹಳೆಯದೂ ಹೊಸದೂ ಬೆರೆಯುತ್ತವೆ. ಹಕ್ಕಿಯ ಮೈಯಲ್ಲಿ ಗಾಳಿಚೀಲಗಳಿವೆ. ಅವು ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗಿ ಗಾಳಿಯನ್ನು ಶ್ವಾಸಕೋಶದ ಮೂಲಕ ಒಂದೇ ದಿಕ್ಕಿಗೆ ತಳ್ಳುತ್ತವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ರಕ್ತಕ್ಕೆ ತಾಜಾ ಗಾಳಿ ತಾಕುತ್ತಿರುತ್ತದೆ. ಇನ್ನೊಂದು ಸಂಗತಿಯಿದೆ. ಬೆಟ್ಟದ ಮೇಲೆ ನಾವು ಜೋರಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಬಿಗಿಯುತ್ತವೆ, ತಲೆ ತಿರುಗುತ್ತದೆ. ಹಕ್ಕಿಗೆ ಆ ಕಾಟವಿಲ್ಲ. ಎಷ್ಟು ಏದಿದರೂ ಮಿದುಳಿಗೆ ಹರಿಯುವ ರಕ್ತ ತಗ್ಗುವುದಿಲ್ಲ.

ಇದರ ಮೇಲೆ ಪಟ್ಟೆತಲೆಯದೇ ಸ್ವಂತ ಸಲಕರಣೆಗಳಿವೆ. ಬಯಲುನಾಡಿನ ಸೋದರ ಹೆಬ್ಬಾತುಗಳಿಗಿಂತ ಇದರ ಶ್ವಾಸಕೋಶ ದೊಡ್ಡದು. ರಕ್ತದ ಹಿಮೋಗ್ಲೋಬಿನ್ನಿನಲ್ಲೂ ಒಂದೆರಡು ಬದಲಾವಣೆಗಳಾಗಿವೆ. ಹೆಸರುವಾಸಿಯಾದದ್ದು ಆಲ್ಫಾ ಸರಪಳಿಯ 119ನೇ ಸ್ಥಾನದ್ದು. ಅಲ್ಲಿ ಪ್ರೋಲೀನ್ ಹೋಗಿ ಅಲನೀನ್ ಕುಳಿತಿದೆ. ಇಷ್ಟು ಸಣ್ಣ ಅದಲುಬದಲಿನಿಂದ ಅಣುವಿನ ಒಳಹಿಡಿತ ಸಡಿಲಾಗಿ, ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಸೆಳೆದುಕೊಳ್ಳುವ ಶಕ್ತಿ ಅದಕ್ಕೆ ಬಂದಿದೆ. ಎದೆಯ ಸ್ನಾಯುವಿನಲ್ಲಿ ಲೋಮನಾಳಗಳು ದಟ್ಟವಾಗಿವೆ. ಆಮ್ಲಜನಕ ಉರಿಸಿ ಶಕ್ತಿ ಹೊರಡಿಸುವ ಮೈಟೊಕಾಂಡ್ರಿಯಾಗಳು ಜೀವಕೋಶದ ಅಂಚಿಗೆ, ರಕ್ತಕ್ಕೆ ಆದಷ್ಟು ಹತ್ತಿರಕ್ಕೆ ಸರಿದು ಕುಳಿತಿವೆ.

ಇದನ್ನೆಲ್ಲ ಹಾರುವ ಹಕ್ಕಿಯಲ್ಲೇ ಅಳೆಯಲು ಹೊರಟ ವಿಜ್ಞಾನಿಗಳಲ್ಲಿ ಜೆಸ್ಸಿಕಾ ಮೀರ್ ಒಬ್ಬರು. ಮೊಟ್ಟೆಯೊಡೆದ ದಿನದಿಂದ ತಾವೇ ಸಾಕಿ, ತಮ್ಮನ್ನೇ ತಾಯಿಯೆಂದು ನಂಬಿದ ಹೆಬ್ಬಾತುಗಳನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಗಾಳಿಸುರಂಗದಲ್ಲಿ, ಮುಖಕ್ಕೆ ಮುಸುಕು ತೊಡಿಸಿ ಹಾರಿಸಿದರು. ಮುಸುಕಿನೊಳಗೆ ಆಮ್ಲಜನಕ ಇಳಿಸಿದಾಗ ಹಕ್ಕಿಗಳು ಹಾರಾಟ ಬಿಡಲಿಲ್ಲ. ಮೈಯ ಖರ್ಚನ್ನೇ ತಗ್ಗಿಸಿಕೊಂಡವು. ಸ್ನಾಯುಗಳಿಂದ ಮರಳುವ ರಕ್ತವೂ ತಣ್ಣಗಾಯಿತು. ತಣ್ಣನೆಯ ರಕ್ತ ಆಮ್ಲಜನಕವನ್ನು ಇನ್ನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಈ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದೇ ವರ್ಷ ಮೀರ್ ಗಗನಯಾತ್ರಿಯಾಗಿ ಬಾಹ್ಯಾಕಾಶ ನಿಲ್ದಾಣಕ್ಕೂ ಹೋದರು, ಮಹಿಳೆಯರಷ್ಟೇ ಇದ್ದ ಮೊದಲ ಬಾಹ್ಯಾಕಾಶ ನಡಿಗೆಯಲ್ಲಿ ಕ್ರಿಸ್ಟಿನಾ ಕಾಕ್ ಜೊತೆಗಿದ್ದರು. ಹೆಬ್ಬಾತಿನ ಬೆನ್ನು ಹತ್ತಿದವರು ಅದಕ್ಕಿಂತ ಎತ್ತರಕ್ಕೆ ಏರಿದ ಉದಾಹರಣೆ ಇದೊಂದೇ ಇರಬೇಕು.

ಎವರೆಸ್ಟ್ ತುದಿಯ ಮೇಲೆ ಹೆಬ್ಬಾತುಗಳು ಹಾರಿಹೋದವು ಎಂಬ ಕತೆಯನ್ನು ಪರ್ವತಾರೋಹಿಗಳು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಹಕ್ಕಿಗೆ ಉಪಕರಣ ಕಟ್ಟಿ ನೋಡಿದಾಗ ಸಿಕ್ಕ ಚಿತ್ರ ಬೇರೆ. ಅಳೆದು ದಾಖಲಿಸಿದ ಅತಿ ಎತ್ತರ 7,290 ಮೀಟರ್, ಅದೂ ಅಪರೂಪಕ್ಕೆ. ಸಾಮಾನ್ಯವಾಗಿ ಅವು ಕಣಿವೆಗಳನ್ನು ಹಿಡಿದು, ನೆಲದ ಏರಿಳಿತಕ್ಕೆ ತಕ್ಕಂತೆ ತಾವೂ ಏರುತ್ತ ಇಳಿಯುತ್ತ ಸಾಗುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಮತ್ತೆ ಕಳೆದುಕೊಳ್ಳುವುದು ದಡ್ಡತನದಂತೆ ಕಾಣುತ್ತದೆ. 2015ರಲ್ಲಿ ಹೊರಬಂದ ಅಧ್ಯಯನ ಅದರ ಗುಟ್ಟು ಬಿಡಿಸಿತು. ರೆಕ್ಕೆ ಬಡಿತ ಶೇಕಡಾ 5ರಷ್ಟು ಏರಿದರೆ ಬೇಕಾಗುವ ಶಕ್ತಿ ಅಂದಾಜು ಶೇಕಡಾ 41ರಷ್ಟು ಏರುತ್ತದೆ. ತೆಳು ಗಾಳಿಯಲ್ಲಿ ಎತ್ತರ ಕಾಯ್ದುಕೊಳ್ಳಲು ಬಡಿತ ಹೆಚ್ಚಿಸಲೇಬೇಕು. ಅದರ ಬದಲು ಇಳಿದು, ದಟ್ಟ ಗಾಳಿಯಲ್ಲಿ ಹಾರಿ, ಗುಡ್ಡ ಬಂದಾಗ ಮತ್ತೆ ಏರುವುದೇ ಅಗ್ಗ. ಗಾಳಿ ತಣ್ಣಗೆ, ದಟ್ಟವಾಗಿ, ಶಾಂತವಾಗಿರುವ ರಾತ್ರಿ ಮತ್ತು ನಸುಕನ್ನೇ ಏರುವುದಕ್ಕೆ ಆರಿಸಿಕೊಳ್ಳುವುದೂ ಇದೇ ಲೆಕ್ಕದಿಂದ. ಹಿಮಾಲಯ ದಾಟುವ ಹಕ್ಕಿಯ ದೊಡ್ಡ ಗುಣ ಸಾಹಸವಲ್ಲ, ಮಿತವ್ಯಯ.

ಇಷ್ಟು ಕೈ ಹಿಡಿದು ಖರ್ಚು ಮಾಡುವ ಹಕ್ಕಿಯನ್ನು ನಾವು ಚಪ್ಪಾಳೆ ತಟ್ಟಿ ಎಬ್ಬಿಸುತ್ತೇವೆ. ನೀರಿನಿಂದ ಮೇಲೇಳುವ ಆ ಮೊದಲ ಕ್ಷಣಗಳೇ ಹಾರಾಟದಲ್ಲಿ ದುಬಾರಿ. ಒಮ್ಮೆ ಎಬ್ಬಿಸಿದರೆ ಹಕ್ಕಿ ಸಾಯುವುದಿಲ್ಲ, ನಿಜ. ಆದರೆ ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ಗುಂಪು ಬರುತ್ತಿದ್ದರೆ?

ಹಾರುವ ಮುನ್ನ ಹಿಂಡು ಸೂಚನೆ ಕೊಡುತ್ತದೆ, ನೋಡಲು ಕಲಿಯಬೇಕಷ್ಟೆ. ಮಲಗಿದ್ದವುಗಳ ನಡುವೆ ಮೊದಲು ಒಂದೆರಡು ಕೊರಳು ನೆಟ್ಟಗಾಗುತ್ತವೆ. ಆಮೇಲೆ ಸಾಲಿಡೀ ತಲೆ ಎತ್ತುತ್ತದೆ. ಸಣ್ಣಗಿದ್ದ ಗುನುಗು ಜೋರಾಗುತ್ತದೆ, ಹಕ್ಕಿಗಳು ತಲೆ ಒದರತೊಡಗುತ್ತವೆ, ಗಾಳಿಗೆ ಎದುರಾಗಿ ತಿರುಗುತ್ತವೆ. ಮೊದಲ ಕೊರಳು ಎದ್ದಾಗಲೇ ನಿಂತುಬಿಡಿ. ಎರಡು ಹೆಜ್ಜೆ ಹಿಂದೆ ಸರಿದರೆ ಮತ್ತೂ ಒಳ್ಳೆಯದು. ಸ್ವಲ್ಪ ಹೊತ್ತಿಗೆ ಕೊಕ್ಕು ಮತ್ತೆ ಗರಿಯೊಳಗೆ ಹೋಗುತ್ತದೆ. ಹಾರುವ ಚಿತ್ರವೇ ಬೇಕೆಂದರೆ ಮುಸ್ಸಂಜೆಗೆ ಏರಿಯ ಮೇಲೆ ಕೂತು ಕಾಯಿರಿ. ಹೊಲಕ್ಕೆ ಹೊರಡುವ ಸಾಲುಗಳು ತಾವಾಗಿ ತಲೆಯ ಮೇಲೇ ಬರುತ್ತವೆ. ಬಿಸಿಲೇರಿದ ಮೇಲೆ ಹೇಗೂ ಕೆರೆಯ ಮೇಲಿನ ಬಿಸಿಗಾಳಿ ನಡುಗುವುದರಿಂದ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ದೂರದ ಹಕ್ಕಿ ಮಸುಕೇ.

ಹಿಂಡು ನಿಂತಿದ್ದಾಗ ಸಿಗುವ, ಹಾರಿದಾಗ ಕೈತಪ್ಪುವ ಇನ್ನೊಂದು ಚಿತ್ರವಿದೆ. ನನ್ನ ಮಟ್ಟಿಗೆ ಅದೇ ಬೆಲೆಬಾಳುವಂಥದ್ದು. ಬೇಸಿಗೆಯಲ್ಲಿ ಹೆಬ್ಬಾತುಗಳು ಹಾರುಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ ಕೆಲವು ವಾರ ಹಾರಲಾರದೆ ಇರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಆಗ ಅವನ್ನು ಹಿಡಿದು ಕೊರಳಿಗೆ ಅಕ್ಷರ, ಅಂಕಿ ಬರೆದ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಬಿಡುತ್ತಾರೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು, ಅದರಲ್ಲೂ ಪಟ್ಟೆತಲೆಗಳು ಸತ್ತ ಮೇಲೆ ಇವುಗಳ ಹಾದಿ ತಿಳಿಯುವುದು ಇನ್ನಷ್ಟು ಜರೂರಾಯಿತು. ಅಂಥ ಪಟ್ಟಿ ತೊಟ್ಟ ಹಕ್ಕಿಗಳು ಮೈಸೂರು ಸೀಮೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಂಡಿವೆ. ಕಂಡವರು ಹವ್ಯಾಸಿಗಳೇ. ಅವರ ಚಿತ್ರದಲ್ಲಿ ಆ ಅಕ್ಷರಗಳು ಓದುವಂತಿದ್ದದ್ದರಿಂದಲೇ ಮಂಗೋಲಿಯಾದ ಸರೋವರಕ್ಕೂ ನಮ್ಮ ಕೆರೆಗೂ ನಂಟು ಖಚಿತವಾಯಿತು.

ಈ ಚಳಿಗಾಲ ಕೆರೆಗೆ ಹೋದರೆ ದೂರದಲ್ಲೇ ತಗ್ಗಾಗಿ ಕುಳಿತು ಹಿಂಡಿನ ಒಂದೊಂದೇ ಕೊರಳನ್ನು ಲೆನ್ಸಿನಲ್ಲಿ ನೋಡುತ್ತ ಹೋಗಿ. ಪಟ್ಟಿ ಕಂಡರೆ ಹಕ್ಕಿ ಕೊರಳು ತಿರುಗಿಸುವವರೆಗೆ ಕಾದು, ಎಲ್ಲ ಅಕ್ಷರವೂ ಬರುವಂತೆ ನಾಲ್ಕಾರು ಚಿತ್ರ ತೆಗೆಯಿರಿ. ಚಿತ್ರ ಮಸುಕಾಗಿದ್ದರೂ ಅಡ್ಡಿಯಿಲ್ಲ, ಅಕ್ಷರ ಓದಲು ಬಂದರೆ ಸಾಕು. ಪಟ್ಟಿಯ ಬಣ್ಣ, ದಿನಾಂಕ, ಕೆರೆಯ ಹೆಸರು ಬರೆದು ಹಕ್ಕಿ ದಾಖಲೆಗಳ ಇ-ಬರ್ಡ್ ಜಾಲತಾಣಕ್ಕೆ ಹಾಕಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೂ ತಿಳಿಸಿ. ಪಕ್ಕದಲ್ಲಿ ನಿಂತವರು ಚಪ್ಪಾಳೆಗೆ ಕೈ ಎತ್ತಿದರೆ ದಯವಿಟ್ಟು ತಡೆಯಿರಿ.